ಅನ್ನ ಬಿಟ್ಟು ಮುದ್ದೆಗೆ ಬಂದರೆ ಸಾಕೆ?

ಪ್ರಶ್ನೆ: ನಮ್ಮದು ಮಂಡ್ಯದಲ್ಲಿ ನಾಲ್ವರಿರುವ ಕುಟುಂಬ. ಯಜಮಾನರಿಗೆ ಸಕ್ಕರೆ ಕಾಯಿಲೆ ಶುರುವಾಗಿದೆ. ಎರಡು ಹೊತ್ತೂ ಅನ್ನ ನಿಲ್ಲಿಸಿ ರಾಗಿಮುದ್ದೆ ಮಾಡಿದರೆ, ಸಕ್ಕರೆಯ ಬದಲು ಬೆಲ್ಲ ಬಳಸಿದರೆ ಮನೆಯವರೆಲ್ಲರ ಊಟವೂ ಆರೋಗ್ಯಕರವಾಗುತ್ತದೆಯೇ?

ಉತ್ತರ: ಅಷ್ಟರಿಂದಲೇ ಆಗುವುದಿಲ್ಲ. ರಾಗಿಯ ಗುಣದ ಬಗ್ಗೆ ಅನುಮಾನವಿಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿರುವುದು ಹತ್ತರ ಆಸುಪಾಸು ಮಾತ್ರ. ನಾರಿನಂಶವೂ ಅಕ್ಕಿಗಿಂತ ಹಲವು ಪಟ್ಟು ಹೆಚ್ಚು. ಆದರೆ ಪಿಷ್ಟದ ಲೆಕ್ಕಕ್ಕೆ ಬಂದರೆ ಇವೆರಡರ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ದಿನವಿಡೀ ಗದ್ದೆಯಲ್ಲಿ ದುಡಿಯುತ್ತಿದ್ದವರಿಗೆ ಹೊಂದುತ್ತಿದ್ದ ದೊಡ್ಡ ಮುದ್ದೆಗಳನ್ನು ಕುರ್ಚಿಯ ಕೆಲಸದವರು ತಿಳಿಸಾರಿನಲ್ಲಿ ಅದ್ದಿ ನುಂಗಿದರೆ, ರಕ್ತದ ಸಕ್ಕರೆ ಏರದೆ ಇರುವುದಿಲ್ಲ.

ನಿಜವಾಗಿ ಬದಲಾಗಬೇಕಾದದ್ದು ಮುದ್ದೆಯ ಪಕ್ಕದಲ್ಲಿರುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ, ದಿನದ ಒಟ್ಟು ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ 45ನ್ನು ಮೀರಬಾರದು. ಸಿರಿಧಾನ್ಯವೂ ಈ ಮಿತಿಯೊಳಗೇ ಬರುತ್ತದೆ. ಎರಡು ಸಾವಿರ ಕ್ಯಾಲೊರಿಯ ಊಟಕ್ಕೆ ಅದು ಸೂಚಿಸುವ ತರಕಾರಿ ಮತ್ತು ಸೊಪ್ಪು ಸುಮಾರು 400 ಗ್ರಾಂ. ಅಂದರೆ ನಿಮ್ಮ ಮನೆಗೆ ದಿನಕ್ಕೆ ಒಂದೂವರೆ ಕಿಲೋಗೂ ಹೆಚ್ಚು ಬೇಕು. ನಮ್ಮ ಬಹುತೇಕ ಅಡುಗೆಮನೆಗಳು ಇದರ ಹತ್ತಿರಕ್ಕೂ ಬರುವುದಿಲ್ಲ.

ಇದಕ್ಕಾಗಿ ಹೊರಗಿನ ಅಡುಗೆಗಳನ್ನು ಕಲಿಯಬೇಕಾಗಿಲ್ಲ, ನಮ್ಮ ಬಸ್ಸಾರೇ ಸಾಕು. ದಂಟಿನ ಸೊಪ್ಪನ್ನೋ ಕೀರೆಯನ್ನೋ ಅಲಸಂದೆ, ಹುರುಳಿ, ಹೆಸರುಕಾಳುಗಳಲ್ಲೊಂದರ ಜೊತೆ ಬೇಯಿಸಿ, ಬಸಿದ ಕಟ್ಟಿಗೆ ಮಸಾಲೆ ರುಬ್ಬಿ ಹಾಕಿ ಸಾರು ಮಾಡಿ, ಉಳಿದದ್ದನ್ನು ಒಗ್ಗರಿಸಿ ಪಲ್ಯ ಮಾಡುವ ಈ ಕ್ರಮದಲ್ಲಿ ನೀರಿಗೆ ಇಳಿದ ಸತ್ವವೂ ಚರಂಡಿಯ ಪಾಲಾಗುವುದಿಲ್ಲ, ಕಾಳಿನ ಪ್ರೋಟೀನೂ ನಾರೂ ಒಂದೇ ಊಟದಲ್ಲಿ ಸಿಗುತ್ತವೆ. ಮಸೊಪ್ಪು, ಉಪ್ಸಾರು, ಕಾಲಕ್ಕೆ ತಕ್ಕಂತೆ ಅವರೆಕಾಳಿನ ಸಾರು ಎಂದು ವಾರವನ್ನು ತುಂಬಿಸಬಹುದು. ಮೊದಲು ಪಲ್ಯವನ್ನು ದುಪ್ಪಟ್ಟು ಮಾಡಿ, ಆಮೇಲೆ ಮುದ್ದೆಯ ಗಾತ್ರವನ್ನು ಕಿರಿದು ಮಾಡಿ. ಕ್ರಮ ತಿರುಗಿದರೆ ಮನೆಯವರು ಹಸಿವೆಂದು ರಾತ್ರಿ ಖಾರದ ಡಬ್ಬಿಗೆ ಕೈಹಾಕುತ್ತಾರೆ. ಮುದ್ದೆ ಒಲ್ಲೆನ್ನುವ ಮಕ್ಕಳಿಗೆ ರಾಗಿ ದೋಸೆಯೋ ಈರುಳ್ಳಿ, ನುಗ್ಗೆಸೊಪ್ಪು ಬೆರೆಸಿದ ರಾಗಿ ರೊಟ್ಟಿಯೋ ಆಗುತ್ತದೆ. ಅನ್ನವನ್ನು ಪೂರ್ತಿ ಬಿಡಿಸುವ ಹಟವೂ ಬೇಡ, ಮಜ್ಜಿಗೆಗೆ ಒಂದು ಹಿಡಿ ಇರಲಿ.

ರಾಗಿಯನ್ನು ಗಿರಣಿಯಲ್ಲಿ ಬೀಸಿಸಿದ ಮೇಲೆ ಜರಡಿ ಹಿಡಿಯಬೇಡಿ. ಹಿಟ್ಟು ನುಣುಪಾಗಲೆಂದು ತೆಗೆದುಹಾಕುವ ಹೊಟ್ಟಿನಲ್ಲಿಯೇ ನಾರೂ ಕ್ಯಾಲ್ಸಿಯಮ್ಮೂ ಹೆಚ್ಚಿರುತ್ತವೆ. ಸೊಪ್ಪು ಮತ್ತು ಕಾಳಿನಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನಿಂಬೆರಸ ನೆರವಾಗುತ್ತದೆ, ಊಟದ ಬೆನ್ನಿಗೇ ಕುಡಿಯುವ ಕಾಫಿ ಅಡ್ಡಿಯಾಗುತ್ತದೆ. ಕಾಫಿಯನ್ನು ಒಂದು ಗಂಟೆ ಮುಂದೂಡಿ.

ಬೆಲ್ಲದ ವಿಷಯದಲ್ಲಿ ಮಂಡ್ಯದವರಿಗೆ ನನ್ನ ಮಾತು ರುಚಿಸಲಾರದು. ಆಲೆಮನೆಯದ್ದಾದರೂ ಅದರ ಬಹುಪಾಲು ಸಕ್ಕರೆಯೇ, ಮಧುಮೇಹಿಗಳಿಗೆ ಅದರಿಂದ ವಿನಾಯಿತಿಯಿಲ್ಲ. ಉಪ್ಪನ್ನು ಅಳೆಯುವುದು ಸುಲಭ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿ ತಲೆಗೆ 5 ಗ್ರಾಂಗಿಂತ ಕಡಿಮೆ. ಆ ಲೆಕ್ಕದಲ್ಲಿ ಒಂದು ಕಿಲೋ ಪೊಟ್ಟಣ ನಾಲ್ವರಿಗೆ ಕನಿಷ್ಠ ಐವತ್ತು ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಇದರೊಳಗೇ ಸೇರಿದ್ದೆಂದು ತಿಳಿಯಿರಿ. ಪೊಟ್ಟಣ ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟರೆ ಗೊತ್ತಾಗುತ್ತದೆ.

ನಿಮ್ಮ ಯಜಮಾನರು ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಅನ್ನ ಅಥವಾ ಮುದ್ದೆಯ ಪ್ರಮಾಣವನ್ನು ಒಮ್ಮೆಲೇ ಇಳಿಸಬೇಡಿ. ಔಷಧದ ಪ್ರಮಾಣ ಹಾಗೆಯೇ ಉಳಿದು ಊಟ ಕಡಿಮೆಯಾದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದಾದ್ದರಿಂದ, ಮೊದಲು ವೈದ್ಯರಿಗೆ ತಿಳಿಸಿ.