ಡಾಂಬರಿನ ಕೆಳಗೆ ತೀರ್ಥದ ಬಾವಿ

ಶಿವಮೊಗ್ಗದ ಕೋಟೆ ರಸ್ತೆ, ಗಾಂಧಿ ಬಜಾರಿನಂಥ ಹಳೇ ಪೇಟೆಯಲ್ಲಿ ಪಾಯ ತೋಡುವಾಗ ನೀರು ಒಸರಿತು ಅಂದರೆ ಸಾಕು, ಯಾರಾದರೂ ಹಿರಿಯರು, "ಇಲ್ಲೊಂದು ಬಾವಿ ಇತ್ತು, ಅದರ ನೀರಿಗೆ ಕಾಯಿಲೆ ವಾಸಿಯಾಗ್ತಿತ್ತು" ಅನ್ನುತ್ತಾರೆ. ಕೇಳಿ ನಗುವವರಿದ್ದಾರೆ. ಬಾಟಲಿ ಹಿಡಿದು ಬರುವವರೂ ಇದ್ದಾರೆ. ಆ ನೀರು ಯಾವ ದಾರಿಯಲ್ಲಿ ಬಂತು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಗುಣ ಇದ್ದದ್ದು ಆ ದಾರಿಯಲ್ಲೇ. ಮಳೆನೀರು ಮಣ್ಣಿಗಿಳಿದು, ಕೆಳಗಿನ ಕೊಳೆತ ಬಂಡೆಯ ಸಂದಿನಲ್ಲಿ ನಿಧಾನವಾಗಿ ಸರಿಯುತ್ತದೆ. ರೋಗಾಣುಗಳು ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತವೆ, ವಾರ, ತಿಂಗಳು ಕಳೆದಂತೆ ಸಾಯುತ್ತವೆ. ಮಳೆಗಾಲದಲ್ಲಿ ಹೊಳೆನೀರು ಊರ ಕೊಳೆಯನ್ನೆಲ್ಲ ಹೊತ್ತು ಬರುವಾಗ, ಒಳ್ಳೆಯ ಬಾವಿಯ ನೀರು ಕುಡಿದ ಮನೆಯವರಿಗೆ ವಾಂತಿಭೇದಿ ತಗಲಲಿಲ್ಲ ಅಂದರೆ ಅದನ್ನು ದೇವರ ದಯೆ ಅನ್ನದೆ ಇನ್ನೇನನ್ನಬೇಕಿತ್ತು? 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಬಡಿದಾಗ ಜಾನ್ ಸ್ನೋ ಎಂಬ ವೈದ್ಯ ಬೊಟ್ಟು ಮಾಡಿದ್ದು ಒಂದು ಬಾವಿಯ ಪಂಪಿನ ನೀರನ್ನು. ಪಕ್ಕದ ಪಾಯಖಾನೆ ಗುಂಡಿ ಅದಕ್ಕೆ ಸೋರುತ್ತಿತ್ತು. ಅದೇ ಬೀದಿಯ ಬಿಯರ್ ಕಾರ್ಖಾನೆಗೆ ಸ್ವಂತ ಬಾವಿ ಇತ್ತು, ಅಲ್ಲಿನ ಕೆಲಸಗಾರರು ಹೆಚ್ಚಾಗಿ ಬಿಯರನ್ನೇ ಕುಡಿಯುತ್ತಿದ್ದರು, ಆ ಪಂಪಿನ ನೀರು ಮುಟ್ಟದೆ ಬಚಾವಾದರು. ಒಂದೇ ಬೀದಿ, ಎರಡು ಬಾವಿ!

ಇನ್ನು ಬಾವಿ ನೀರಿನಲ್ಲಿರುವ ಕಬ್ಬಿಣ. ಇದು ನನಗೆ ಬಹಳ ಇಷ್ಟದ ವಿಷಯ. ಸಾಗರ, ಹೊಸನಗರದ ಕಡೆಯ ಜಂಬಿಟ್ಟಿಗೆ ಕಲ್ಲು ಜೇನುಹಟ್ಟಿಯ ಹಾಗೆ ತೂತುತೂತು. 1800-01ರಲ್ಲಿ ಈ ಸೀಮೆಯನ್ನೆಲ್ಲ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಮಲಬಾರಿನಲ್ಲಿ ಕಂಡ ಇಂಥದೇ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟ. ಅದರ ಕೆಂಪೆಲ್ಲ ಕಬ್ಬಿಣದ್ದು. ಆಮ್ಲಜನಕ ಇಲ್ಲದ ಆಳದಲ್ಲಿ ಕಬ್ಬಿಣ ನೀರಲ್ಲಿ ಕರಗಿರುತ್ತದೆ, ಬಣ್ಣ ಇರುವುದಿಲ್ಲ. ಗಾಳಿ ತಾಗಿತೋ, ತುಕ್ಕಾಗಿ ತಳಕ್ಕೆ ಕೂರುತ್ತದೆ. ಕಬ್ಬಿಣ ತಿಂದು ಬದುಕುವ ಬ್ಯಾಕ್ಟೀರಿಯಾಗಳು ನೀರ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಟ್ಟುತ್ತವೆ. ಪವಾಡ ಅಂತ ಕೈಮುಗಿಯುವುದು, ಯಾರೋ ಎಣ್ಣೆ ಸುರಿದಿದ್ದಾರೆ ಅಂತ ಜಗಳಕ್ಕೆ ನಿಲ್ಲುವುದು, ಎರಡೂ ಬೇಡ. ಒಂದು ಕಡ್ಡಿ ತಗೊಂಡು ಕದಡಿ. ಎಣ್ಣೆಯಾದರೆ ಸುಳಿದು ಮತ್ತೆ ಕೂಡಿಕೊಳ್ಳುತ್ತದೆ. ಈ ಪೊರೆ ಒಡೆದು ಚೂರುಚೂರಾಗಿ ಹಾಗೇ ನಿಲ್ಲುತ್ತದೆ.

ಮುಚ್ಚಿಹೋದ ಬಾವಿ ಹುಡುಕಲು ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಬೇಕಾಗಿಲ್ಲ. ಆಳ ತೋಡಿದರೆ ಒಂದಿಷ್ಟು ನೀರು ಬಹಳ ಕಡೆ ಸಿಗುತ್ತದೆ. ಅದಕ್ಕೇ ಕಾಯಿ ಗೆದ್ದ ಹಾಗೆ ಕಾಣುವುದು. ಹಳೇ ಸರ್ವೆ ನಕ್ಷೆ ನೋಡಿ. ಮತ್ತೆ ಮತ್ತೆ ಕುಸಿಯುವ ರಸ್ತೆ, ಬೇಸಿಗೆಯಲ್ಲೂ ಒರತೆ ನಿಲ್ಲದ ನೆಲಮಾಳಿಗೆ, ಅತ್ತಿಮರ, ನಾಗರಕಲ್ಲು ಗಮನಿಸಿ. ಆಮೇಲೆ ನೆಲಕ್ಕೆ ಲೋಹದ ಸಲಾಕೆ ಹೊಡೆದು ಕರೆಂಟ್ ಹಾಯಿಸಿ ಅಳೆಯಬಹುದು. ತೇವ ಇದ್ದಲ್ಲಿ ಅದು ಸುಲಭವಾಗಿ ಹರಿಯುತ್ತದೆ, ಒಣ ಬಂಡೆಯಲ್ಲಿ ತಡೆ ಜಾಸ್ತಿ. ಪೇಟೆಯಲ್ಲಿ ತೊಡಕು ಏನೆಂದರೆ, ಡಾಂಬರಿಗೆ ಸಲಾಕೆ ಹೊಡೆಯುವ ಹಾಗಿಲ್ಲ. ನೆಲದಡಿಯ ಪೈಪು, ಕೇಬಲ್ಲುಗಳು ಬೇರೆ ಲೆಕ್ಕ ತಪ್ಪಿಸುತ್ತವೆ.

ಬಾವಿ ಸಿಕ್ಕಿತು ಅನ್ನಿ. ದಯವಿಟ್ಟು ತೀರ್ಥ ಅಂತ ಮಕ್ಕಳಿಗೆ ಕುಡಿಸಬೇಡಿ. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹತ್ತಿರ ಕೆಳದಿ ಅರಸರ ದೇವಗಂಗೆ ಕೊಳಗಳಿಗೆ ಇಂದಿಗೂ ಒರತೆಯ ನೀರು ಬರುತ್ತದೆ, ಅಲ್ಲಿ ಮೇಲೆ ಪೇಟೆ ಎದ್ದಿಲ್ಲ. ಇಲ್ಲಿ ನೀರಿಳಿಯುವ ದಾರಿಯಲ್ಲೇ ಚರಂಡಿ, ಶೌಚಗುಂಡಿ ಇವೆ. ಮೊದಲು ಲ್ಯಾಬಿಗೆ ಕೊಟ್ಟು ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾ, ಕೊಳೆಯಿಂದ ನೀರಿಗೆ ಸೇರುವ ನೈಟ್ರೇಟ್ ಲವಣ ನೋಡಿಸಿ. ಕುಡಿಯುವ ನೀರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಕುದಿಸಿದರೆ ಆಯ್ತಲ್ವಾ ಅನ್ನಬೇಡಿ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಇಂಗಿದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಏರುತ್ತದೆ.