ಕಾನೂನು ಓದಿದವರು ಮ್ಯೂಸಿಯಂ ಡೈರೆಕ್ಟರ್ ಆಗಬಹುದಾ?

ಪ್ರಶ್ನೆ: ಹಳೇ ಶಿಲ್ಪ, ಚಿತ್ರ ಅಂದ್ರೆ ನನಗೆ ಹುಚ್ಚು. ಆದರೆ ಓದಿದ್ದು ಎಲ್‌ಎಲ್‌ಬಿ. ಈಗ ಆ ಕಡೆ ಹೋಗೋದು ತಡವಾಯ್ತಾ?

ಉತ್ತರ: ಇಲ್ಲ. ನೀಲ್ ಮ್ಯಾಕ್‌ಗ್ರೆಗರ್ ಅವರ ದಾರಿ ನೋಡಿ. 1946ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದವರು. ಆಕ್ಸ್‌ಫರ್ಡ್‌ನಲ್ಲಿ ಫ್ರೆಂಚ್, ಜರ್ಮನ್ ಓದಿದರು. ಪ್ಯಾರಿಸ್‌ನಲ್ಲಿ ತತ್ವಶಾಸ್ತ್ರ, ಆಮೇಲೆ ಎಡಿನ್‌ಬರಾದಲ್ಲಿ ಕಾನೂನು. 1972ರಲ್ಲಿ ವಕೀಲಿಕೆಯ ಸನ್ನದೂ ಸಿಕ್ಕಿತು. ಮರುವರ್ಷ ಜರ್ಮನಿಯ ಬವೇರಿಯಾದಲ್ಲಿ ಕಲಾ ಇತಿಹಾಸದ ಬೇಸಿಗೆ ಕೋರ್ಸಿಗೆ ಹೋದರು, ಕರಿಕೋಟು ಅಲ್ಲಿಗೇ ಬಿಟ್ಟರು. ಮುಂದೆ ಪಾಠ ಮಾಡಿದರು, ಒಂದು ಕಲಾಪತ್ರಿಕೆಯ ಸಂಪಾದಕರಾದರು. ಕ್ಯುರೇಟರ್, ಅಂದ್ರೆ ಸಂಗ್ರಹ ನೋಡಿಕೊಳ್ಳುವವರು, ಆಗಿ ಒಂದು ದಿನವೂ ಕೆಲಸ ಮಾಡದೆ, 1987ರಲ್ಲಿ ನೇರವಾಗಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಡೈರೆಕ್ಟರ್! 2002ರಿಂದ 2015ರವರೆಗೆ ಬ್ರಿಟಿಷ್ ಮ್ಯೂಸಿಯಂ ನಡೆಸಿದ್ದೂ ಅವರೇ.

ಹಾಗಾದರೆ ಅವರ ಬಂಡವಾಳ ಏನು? ಒಂದು ವಸ್ತುವನ್ನು ಮಾತಲ್ಲೇ ಕಣ್ಣಮುಂದೆ ತರುವುದು. 2010ರಲ್ಲಿ ಬಿಬಿಸಿ ರೇಡಿಯೋದಲ್ಲಿ 100 ವಸ್ತುಗಳ ಮೂಲಕ ಪ್ರಪಂಚದ ಇತಿಹಾಸ ಹೇಳಿದರು. ಈಜಿಪ್ಟಿನ ಮಮ್ಮಿಯಿಂದ ಶುರು, ಸೋಲಾರ್ ದೀಪಕ್ಕೆ ಮುಕ್ತಾಯ. ಒಂದೊಂದಕ್ಕೂ ಕಾಲು ಗಂಟೆ. ಕಣ್ಣಿಗೆ ಕಾಣದ ರೇಡಿಯೋದಲ್ಲಿ ಮ್ಯೂಸಿಯಂ ತೋರಿಸೋದು ಅಂದ್ರೆ ಸುಮ್ನೆ ಅಲ್ಲ.

ಹಾಗಂತ ಕಾನೂನು ಓದಿದ್ದು ವ್ಯರ್ಥ ಅಂತಲ್ಲ. ಡೈರೆಕ್ಟರ್ ಮೇಜಿಗೆ ಬರುವ ದೊಡ್ಡ ತಲೆನೋವುಗಳೆಲ್ಲ 'ಇದು ಯಾರದ್ದು?' ಅನ್ನೋ ಜಾತಿಯವೇ. ಬ್ರಿಟಿಷ್ ಮ್ಯೂಸಿಯಂನಲ್ಲಿ ಸೈರಸ್ ಸಿಲಿಂಡರ್ ಅಂತ ಒಂದಿದೆ, ಹಳೇ ಪರ್ಷಿಯಾದ, ಅಂದ್ರೆ ಈಗಿನ ಇರಾನಿನ, ರಾಜ ಸೈರಸ್‌ನದು. ಪುಟ್ಟ ಮದ್ದಳೆಯ ಹಾಗೆ ನಡು ಉಬ್ಬಿದ ಮಣ್ಣಿನ ಉಂಡೆ, ಒಂದು ಗೇಣು ಉದ್ದ, ಮೈತುಂಬ ಮೊಳೆಯಾಕಾರದ ಅಕ್ಷರ. ರಾಜಕೀಯ ಬಿಸಿಯಾಗಿದ್ದಾಗಲೇ, 2010ರಲ್ಲಿ, ಮ್ಯಾಕ್‌ಗ್ರೆಗರ್ ಅದನ್ನು ಟೆಹರಾನ್‌ಗೆ ಕಡ ಕೊಟ್ಟರು. ಅದು ವಾಪಸ್ ಬಂತು ಕೂಡ. ಆದರೆ ಗ್ರೀಸ್ ಕೇಳುತ್ತಲೇ ಇರುವ, ಅಥೆನ್ಸ್‌ನ ಹಳೇ ದೇಗುಲ ಪಾರ್ಥೆನಾನ್‌ನ ಶಿಲ್ಪಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ. ಸಂಗ್ರಹದ ವಸ್ತುಗಳನ್ನು ಹಾಗೆ ಬಿಟ್ಟುಕೊಡದಂತೆ 1963ರ ಬ್ರಿಟಿಷ್ ಮ್ಯೂಸಿಯಂ ಕಾಯ್ದೆಯೇ ಕೈಕಟ್ಟುತ್ತದೆ, ನಿಜ. ಆದರೂ 2014ರಲ್ಲಿ ಅದೇ ಶಿಲ್ಪಗಳಲ್ಲಿ ಒಂದನ್ನು ರಷ್ಯಾದ ಪ್ರದರ್ಶನಕ್ಕೆ ಕಡ ಕಳಿಸಿದರು. ಗ್ರೀಕರಿಗೆ ಉರಿಯದೆ ಇರುತ್ತಾ? ನಮ್ಮ ಆಂಧ್ರದ ಅಮರಾವತಿ ಸ್ತೂಪದ ಕಲ್ಲುಗಳೂ ಬ್ರಿಟಿಷ್ ಮ್ಯೂಸಿಯಂನಲ್ಲೇ ಇವೆ, ಹಾಗಾಗಿ ಈ ವಿಷಯದಲ್ಲಿ ನನಗೆ ಮ್ಯಾಕ್‌ಗ್ರೆಗರ್ ಮೇಲೆ ಸ್ವಲ್ಪ ಸಿಟ್ಟೇ.

ಇನ್ನು ನಿಮ್ಮ ವಿಷಯ. ವಡೋದರದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ 1952ರಿಂದಲೂ ಮ್ಯೂಸಿಯಾಲಜಿ, ಅಂದ್ರೆ ಮ್ಯೂಸಿಯಂ ನಡೆಸುವ ವಿದ್ಯೆ, ಕಲಿಸುತ್ತಾರೆ. ನಮ್ಮಲ್ಲಿ ಸರ್ಕಾರಿ ಮ್ಯೂಸಿಯಂಗಳ ಮೇಲಿನ ಕುರ್ಚಿಗೆ ಎಷ್ಟೋ ಸಲ ಐಎಎಸ್ ಅಧಿಕಾರಿಗಳೇ ಬರುತ್ತಾರೆ, ಅದೂ ತಿಳಿದಿರಲಿ.

ಅರ್ಜಿ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಆತಕೂರು ಶಾಸನವಿದೆ. ಹತ್ತನೇ ಶತಮಾನದ್ದು. ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು. ಅದರ ಮುಂದೆ ನಿಂತು ಅಮ್ಮನಿಗೆ ಫೋನ್ ಮಾಡಿ. ಫೋಟೋ ಕಳಿಸಬೇಡಿ. ಕಾಲು ಗಂಟೆ ಬರೀ ಮಾತಲ್ಲಿ ಆ ಕಲ್ಲನ್ನು ತೋರಿಸಿ. ಅಮ್ಮ 'ಆಮೇಲೆ ನಾಯಿ ಏನಾಯ್ತು?' ಅಂತ ಕೇಳಿದರೆ, ವಡೋದರಕ್ಕೆ ಅರ್ಜಿ ಹಾಕಿ.