ಮೊದಲ ದೀಪ ಕಿಟಕಿಗೆ

ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನ ಸೂರ್ಯ ಮಧ್ಯಾಹ್ನ 3 ಗಂಟೆಗೂ ಮೊದಲೇ ಮುಳುಗುತ್ತಾನೆ. ಅಂಥದೇ ಒಂದು ದಿನ ಹುಬ್ಬಳ್ಳಿ ಕಡೆಯ ಕುಟುಂಬವೊಂದು ನನ್ನನ್ನು ಮನೆಗೆ ಕರೆದಿತ್ತು. "ಎಷ್ಟು ದೊಡ್ಡ ಬಲ್ಬ್ ಹಾಕಿದ್ರೂ ಹಾಲ್ ಮಂಕಾಗೇ ಕಾಣ್ತದ ನೋಡ್ರಿ" ಎಂದರು ಮನೆಯಾಕೆ.

ಚಾವಣಿ ಮಧ್ಯೆ ಬೆಳ್ಳನೆ ದೀಪ ಕಣ್ಣು ಕುಕ್ಕುತ್ತಿತ್ತು. ಕಿಟಕಿಯ ಗಾಜು ಕಪ್ಪು ಕನ್ನಡಿಯಂತೆ ನಮ್ಮನ್ನೇ ತೋರಿಸುತ್ತಿತ್ತು. ಆ ದೀಪ ಆರಿಸಿದೆ. ಮಲಗುವ ಕೋಣೆಯಿಂದ ಪುಟ್ಟ ಟೇಬಲ್ ಲ್ಯಾಂಪ್ ತಂದು ಕಿಟಕಿಯ ಕಟ್ಟೆ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಬಾಲ್ಕನಿಯ ಕಂಬಿ ಮೇಲಿನ ಹಿಮ ಕಣ್ಣಿಗೆ ಬಿತ್ತು. "ಅಯ್ಯೋ, ಹೊರಗೆ ಹಿಮ ಬಿದ್ದದ!" ಎಂದು ಮಗ ಓಡಿಬಂದ.

ಸ್ವೀಡಿಷ್ ಭಾಷೆಯಲ್ಲಿ ಹಾಲ್‌ಗೆ 'ವಾರ್ಡಾಗ್ಸ್‌ರುಮ್' ಎನ್ನುತ್ತಾರೆ. ದಿನನಿತ್ಯದ ಕೋಣೆ ಎಂದರ್ಥ. ಹಿಂದೆ ಎಷ್ಟೋ ಮನೆಗಳಲ್ಲಿ ಚೆಂದದ ಕೋಣೆಯನ್ನು ಅತಿಥಿಗಳಿಗೆಂದು ಮೀಸಲಿಟ್ಟು, ಮನೆಮಂದಿ ಅಡುಗೆಮನೆಯಲ್ಲೇ ಮಲಗುತ್ತಿದ್ದರು. 1930ರ ದಶಕದ ವಾಸ್ತುಶಿಲ್ಪಿಗಳು ಇದನ್ನು ಜೋರಾಗಿಯೇ ವಿರೋಧಿಸಿದರು. ಅವರು ಹೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಕೋಣೆ ದಿನವೂ ಬಳಸಲಿಕ್ಕೆ ಎಂದ ಮೇಲೆ ನಾವು ಕೂರುವ ಕಡೆ ಬೆಳಕು ಬೇಕು ಅಲ್ವಾ? ಸೋಫಾ ಪಕ್ಕ ಒಂದು, ಪುಸ್ತಕದ ಕಪಾಟಿನಲ್ಲಿ ಒಂದು, ಮೂಲೆಯಲ್ಲಿ ಒಂದು, ಕಿಟಕಿಗೊಂದು. ಇಲ್ಲಿ ಸಂಜೆ ಐದಾರು ಸಣ್ಣ ದೀಪ ಉರಿಯುವುದು ಮಾಮೂಲಿ. ಗೋಡೆ, ಮೂಲೆಗಳು ಬೆಳಗಿದರೆ ಕಣ್ಣಿಗೆ ಕೋಣೆಯೆಲ್ಲ ಬೆಳಕು ತುಂಬಿದಂತೆ ಅನಿಸುತ್ತದೆ. ಬಲ್ಬ್ ಡಬ್ಬಿ ಮೇಲೆ 2700 ಕೆಲ್ವಿನ್ ಎಂದಿರುವುದನ್ನು ಆರಿಸಿ. ಅದರ ಬೆಳಕು ತುಸು ಹಳದಿ. ಚಾವಣಿ ದೀಪ ಕಸ ಗುಡಿಸುವಾಗ ಇರಲಿ, ಸಾಕು.

ಕಿಟಕಿ ದೀಪ ದಾರಿಹೋಕರಿಗೂ ಕಾಣುತ್ತದೆ. ಅದಕ್ಕೇ ಎಷ್ಟೋ ಜನ ಪರದೆ ಎಳೆಯುವುದಿಲ್ಲ. ಕ್ರಿಸ್‌ಮಸ್‌ಗೆ ನಾಲ್ಕು ವಾರ ಇರುವಾಗಲೇ, ಅಂದರೆ 'ಅಡ್ವೆಂಟ್' ಎನ್ನುವ ಕಾಯುವ ದಿನಗಳು ಶುರುವಾದಾಗ, ಕಿಟಕಿಗೆ ಏಳು ದೀಪದ ಪುಟ್ಟ ಅಡ್ವೆಂಟ್ ಕಂಬ ಬರುತ್ತದೆ. ಅದರ ವಿದ್ಯುತ್ ರೂಪ ಮಾಡಿದವರು ಗೋಥೆನ್‌ಬರ್ಗ್‌ನ ಆಸ್ಕರ್ ಆಂಡರ್ಸನ್, 1934ರಲ್ಲಿ. ಕ್ರಿಸ್‌ಮಸ್ ಮರಕ್ಕೆ ಹಾಕುವ ದೀಪದ ಸರದಿಂದಲೇ ಮಾಡಿದ್ದು. ನನಗಂತೂ ಅದನ್ನು ಕಂಡಾಗಲೆಲ್ಲ ಕಾರ್ತಿಕದ ಹೊಸ್ತಿಲ ದೀಪ ನೆನಪಾಗುತ್ತದೆ.

ಇನ್ನೊಂದು ಮಾತು. ಕಿಟಕಿ ಕೆಳಗೆ ಸಾಮಾನ್ಯವಾಗಿ ಕೋಣೆ ಬೆಚ್ಚಗಿಡುವ ರೇಡಿಯೇಟರ್ ಇರುತ್ತದೆ. ಸೋಫಾವನ್ನು ಅದಕ್ಕೆ ಒತ್ತಿ ಇಟ್ಟರೆ, ಉದ್ದ ಪರದೆಯಿಂದ ಮುಚ್ಚಿದರೆ ಬಿಸಿ ಅಲ್ಲೇ ಉಳಿಯುತ್ತದೆ. ಆ ಮನೆಯಲ್ಲೂ ಸೋಫಾವನ್ನು ಒಂದು ಗೇಣು ಮುಂದಕ್ಕೆ ಎಳೆದೆವು. ನಾನು ಹೊರಡುವಷ್ಟರಲ್ಲಿ ಮಗ ಶಾಲೆಯ ಪುಸ್ತಕ ಹಿಡಿದು ಕಿಟಕಿ ದೀಪದ ಪಕ್ಕ ಕೂತಿದ್ದ.